ರೋಟರಿ ಎಂಜಿನ್‌ನ ಮೊದಲ ಓಟ

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲೇ ವಿಮಾನ ಕಟ್ಟಿ ಹಾರಿಸುವವರು ಸಾವಿರಾರು ಜನ. ಅವರಲ್ಲೊಂದು ಚಿಕ್ಕ ಗುಂಪು ಲೈಕಮಿಂಗ್‌ನಂಥ ವಿಮಾನದ್ದೇ ಎಂಜಿನ್ ಬಿಟ್ಟು ಮಜ್ದಾ ಕಾರಿನ 13ಬಿ ರೋಟರಿ ಎಂಜಿನ್ ಕೂರಿಸುತ್ತದೆ. ಮೊದಲ ಮಹಾಯುದ್ಧದ ವಿಮಾನಗಳಲ್ಲಿ ಸಿಲಿಂಡರುಗಳೇ ತಿರುಗುತ್ತಿದ್ದ ರೋಟರಿ ಬೇರೆ. ಇದು ಜರ್ಮನ್ ಎಂಜಿನಿಯರ್ ಫೆಲಿಕ್ಸ್ ವಾಂಕೆಲ್ ಹೆಸರಿನದು. ಇದಕ್ಕೆ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ತ್ರಿಕೋನಾಕಾರದ ಎರಡು ರೋಟರುಗಳಿವೆ, ಒಟ್ಟು 1308 ಸಿಸಿ. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ. ನಿಮಿಷಕ್ಕೆ 6000 ಸುತ್ತು ಪ್ರೊಪೆಲ್ಲರ್‌ಗೆ ವಿಪರೀತ. ಅದಕ್ಕೇ ನಡುವೆ 2.85ಕ್ಕೆ 1ರ ಗೇರ್‌ಬಾಕ್ಸ್ ಹಾಕಿ 2100ರ ಆಸುಪಾಸಿಗೆ ಇಳಿಸುತ್ತಾರೆ.

ಇಂಥ ಎಂಜಿನ್ನನ್ನು ನೆಲದ ಮೇಲೆ ಮೊದಲ ಬಾರಿ ಓಡಿಸುವ ಬಗ್ಗೆ, ಅದಕ್ಕೆ ಮುಂಚಿನ ಸಿದ್ಧತೆಯ ಬಗ್ಗೆ ಇವತ್ತು ಮಾತಾಡೋಣ. ಈ ಎಂಜಿನ್ ಕೂರಿಸುವವರು ಶಕ್ತಿಗಿಂತ ಮೊದಲು ಬಿಸಿಯ ಲೆಕ್ಕ ಹಾಕಬೇಕು. ಅದರಲ್ಲೂ ಎಣ್ಣೆಯ ಬಿಸಿ. ರೋಟರುಗಳ ಒಳಮೈ ತಣಿಸುವುದು ನೀರಲ್ಲ, ಎಣ್ಣೆ. ತಂಪುಗೊಳಿಸಬೇಕಾದ ಬಿಸಿಯಲ್ಲಿ ಸುಮಾರು ಮೂರನೇ ಒಂದು ಪಾಲು ಎಣ್ಣೆಯ ಮೂಲಕವೇ ಹೊರಗೆ ಹೋಗಬೇಕು. ಪಿಸ್ಟನ್ ಎಂಜಿನ್ನಿನ ಅಂದಾಜಿನಲ್ಲಿ ಪುಟ್ಟ ಆಯಿಲ್ ಕೂಲರ್ ಹಾಕಿದವರು ಮೊದಲ ಬೇಸಿಗೆಯಲ್ಲೇ ಪೇಚಿಗೆ ಸಿಗುತ್ತಾರೆ. ಎಣ್ಣೆ 99 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಪಂಪಿನಿಂದ ಹೊರಟ ಎಣ್ಣೆ ಮೊದಲು ಕೂಲರ್‌ಗೆ, ಆಮೇಲೆ ಫಿಲ್ಟರ್‌ಗೆ, ಕೊನೆಗೆ ಬೇರಿಂಗ್‌ಗೆ ಹೋಗುತ್ತದೆ. ಆದ್ದರಿಂದ ಕೂಲರಿನ ಹೋಸ್ ಸುಮಾರು 16 ಮಿಲಿಮೀಟರಿನದಿರಲಿ, ಉಜ್ಜುವ ಜಾಗದಲ್ಲಿ ಹಾಯದಿರಲಿ. ಅದೊಂದು ಒಡೆದರೆ ಎಣ್ಣೆಯೆಲ್ಲ ಖಾಲಿ.

ಶಾಫ್ಟಿನ ಮುಂತುದಿಯಲ್ಲಿ ಒಂದು ಥರ್ಮಲ್ ಪೆಲೆಟ್ ಇದೆ. ಎಂಜಿನ್ ತಣ್ಣಗಿರುವಾಗ ತೆರೆದಿದ್ದು, ಎಣ್ಣೆಯ ಒತ್ತಡ ಇಳಿಸಿ, ರೋಟರುಗಳಿಗೆ ಎಣ್ಣೆ ಚಿಮ್ಮದಂತೆ ತಡೆಯುವುದು ಅದರ ಕೆಲಸ. ಬಿಸಿಯಾದ ಮೇಲೂ ಅದು ಮುಚ್ಚಿಕೊಳ್ಳದಿದ್ದರೆ ಎಣ್ಣೆಯ ಒತ್ತಡ ಕುಸಿಯುತ್ತದೆ, ರೋಟರ್ ಸುಡುತ್ತದೆ. ವಿಮಾನಕ್ಕಾದರೆ ಅದನ್ನು ತೆಗೆದು ಗಟ್ಟಿ ಪ್ಲಗ್ ಹಾಕುವುದೇ ಸರಿ. ನೀರಿನ ಕಡೆ, ಬಿಸಿ ನೋಡಿ ದಾರಿ ತೆರೆಯುವ ಥರ್ಮೋಸ್ಟಾಟ್ ತೆಗೆದಿದ್ದರೆ, ಅದರ ಕೆಳಗಿನ ಬೈಪಾಸ್ ತೂತನ್ನೂ ಮುಚ್ಚಬೇಕು. ಇಲ್ಲದಿದ್ದರೆ ನೀರು ರೇಡಿಯೇಟರನ್ನು ಮುಟ್ಟದೆ ಎಂಜಿನ್ನಿನೊಳಗೇ ಸುತ್ತುತ್ತದೆ.

ರೋಟರಿನ ಮೂಲೆಗಳಲ್ಲಿರುವ ಅಪೆಕ್ಸ್ ಸೀಲುಗಳಿಗೆ ಎಣ್ಣೆ ಹನಿಸುವ ಕಾರಿನ ಮೀಟರಿಂಗ್ ಪಂಪನ್ನು ಹಲವರು ಕಳಚಿಬಿಡುತ್ತಾರೆ. ಹಾಗೆ ಮಾಡಿದವರು ಪ್ರತಿ ಲೀಟರ್ ಪೆಟ್ರೋಲಿಗೆ ಸುಮಾರು 8 ಮಿಲಿಲೀಟರ್ ಟೂ-ಸ್ಟ್ರೋಕ್ ಎಣ್ಣೆ ಬೆರೆಸಲೇಬೇಕು, ಮೊದಲ ಓಟಕ್ಕೂ.

ಇಂಧನದ ಹರಿವನ್ನು ನೆಲದ ಮೇಲೇ ಅಳೆದು ನೋಡಬೇಕು. ಪಂಪ್ ಇರುವ ವ್ಯವಸ್ಥೆಯಲ್ಲಿ ಪೂರ್ಣ ಶಕ್ತಿಗೆ ಬೇಕಾದುದರ 125 ಶೇಕಡಾ ಹರಿಯಬೇಕು. 180 ಅಶ್ವಶಕ್ತಿಗೆ ಗಂಟೆಗೆ 57 ಲೀಟರ್ ಆಸುಪಾಸು ಬೇಕೆಂದಾದರೆ, ಮೂತಿ ಎತ್ತಿ ನಿಲ್ಲಿಸಿದ ವಿಮಾನದಲ್ಲಿ ನಿಮಿಷಕ್ಕೆ 1.2 ಲೀಟರ್ ಬರಬೇಕು.

ಇನ್ನು ಸ್ಟಾರ್ಟ್ ಮಾಡುವ ದಿನ. ಚಕ್ರಗಳಿಗೆ ಅಡ್ಡಕಟ್ಟೆ ಇಡಿ, ಬಾಲವನ್ನು ಗಟ್ಟಿ ಗೂಟಕ್ಕೆ ಕಟ್ಟಿ. ಪ್ರೊಪೆಲ್ಲರಿನ ಮುಂದೆ, ಪಕ್ಕದಲ್ಲಿ ಯಾರೂ ನಿಲ್ಲಬಾರದು. ಬೆಂಕಿ ಆರಿಸುವ ಸಿಲಿಂಡರ್ ಹಿಡಿದವರೊಬ್ಬರು ದೂರದಲ್ಲಿರಲಿ. ಪ್ರೊಪೆಲ್ಲರ್ ಇಲ್ಲದೆ ಓಡಿಸಬೇಡಿ. ಹೊರೆಯಿಲ್ಲದ ರೋಟರಿ ಕಣ್ಣು ಮಿಟುಕಿಸುವಷ್ಟರಲ್ಲಿ ಮಿತಿ ಮೀರಿ ತಿರುಗುತ್ತದೆ.

ಮೊದಲು ಕಿಡಿ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎರಡನ್ನೂ ಬಂದ್ ಮಾಡಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಎಣ್ಣೆಯ ಒತ್ತಡ ಕಾಣುವ ತನಕ ಸ್ಟಾರ್ಟರಿನಿಂದ ತಿರುಗಿಸಿ. ಸ್ಟಾರ್ಟರನ್ನು ತಣಿಯಲು ಬಿಡುತ್ತ ತಿರುಗಿಸಿ. ಆಮೇಲೆ ಪ್ಲಗ್ ಹಾಕಿ. ಒಂದೊಂದು ರೋಟರ್‌ಗೂ ಎರಡು ಪ್ಲಗ್, ಒಂದು ಲೀಡಿಂಗ್, ಇನ್ನೊಂದು ಟ್ರೇಲಿಂಗ್. ವೈರು ಅದಲುಬದಲಾಗುವುದು ತೀರಾ ಸಾಮಾನ್ಯ. ಗುಂಡು ಹೊಡೆದಂತೆ ಸದ್ದು ಬಂದರೆ ಮೊದಲು ಅಲ್ಲಿ ನೋಡಿ.

ಹತ್ತದಿದ್ದರೆ ಮತ್ತೆ ಮತ್ತೆ ಪೆಟ್ರೋಲ್ ಕುಡಿಸಬೇಡಿ. ಪೆಟ್ರೋಲು ಸೀಲುಗಳ ಎಣ್ಣೆಯನ್ನು ತೊಳೆದುಹಾಕಿದರೆ ಕಂಪ್ರೆಷನ್ ಹೋಗುತ್ತದೆ, ಆಮೇಲೆ ಹತ್ತುವುದೇ ಇಲ್ಲ. ಆಗ ಇಂಜೆಕ್ಟರ್ ಬಂದ್ ಮಾಡಿ, ಪ್ಲಗ್ ಬಿಚ್ಚಿ ತಿರುಗಿಸಿ ಒಣಗಿಸಿ. ಪ್ಲಗ್ ತೂತಿನಿಂದ ಒಂದೊಂದು ಚಮಚ ಎಣ್ಣೆ ಬಿಟ್ಟು ಮತ್ತೆ ಪ್ರಯತ್ನಿಸಿ. ಎದ್ದಾಗ ದಟ್ಟ ಹೊಗೆ ಬಂದರೆ ಹೆದರಬೇಕಿಲ್ಲ, ಸುಡುತ್ತಿರುವುದು ಆ ಎಣ್ಣೆ.

ಹತ್ತಿದ ಕೂಡಲೇ ಕಣ್ಣು ಎಣ್ಣೆಯ ಒತ್ತಡದ ಮೇಲಿರಲಿ. ಕೆಲವೇ ಸೆಕೆಂಡಿನಲ್ಲಿ ಮುಳ್ಳು ಏಳದಿದ್ದರೆ ನಿಲ್ಲಿಸಿಬಿಡಿ. ತೀರಾ ಕಡಿಮೆ ವೇಗದಲ್ಲಿ ಗೇರುಗಳು ಕಟಕಟನೆ ಬಡಿದುಕೊಳ್ಳುವುದರಿಂದ ಶಾಫ್ಟನ್ನು 1600, 1800ರಲ್ಲಿ ಹಿಡಿಯಿರಿ. ನಿಂತ ವಿಮಾನದ ರೇಡಿಯೇಟರಿಗೆ ಗಾಳಿ ಕಡಿಮೆ, ಆದ್ದರಿಂದ ಮೊದಲ ಓಟ ಕೆಲವೇ ನಿಮಿಷ ಸಾಕು. ನಿಲ್ಲಿಸಿ, ಪೂರ್ತಿ ತಣಿದ ಮೇಲಷ್ಟೇ ನೀರಿನ ಮುಚ್ಚಳ ತೆಗೆದು ಮಟ್ಟ ನೋಡಿ. ಒಳಗೆ ಸಿಕ್ಕಿದ್ದ ಗಾಳಿ ಹೊರಬಂದು ಮಟ್ಟ ಇಳಿದಿರುತ್ತದೆ. ಮುಂದಿನ ಓಟಗಳಲ್ಲೂ ಗುಳ್ಳೆ ನಿಲ್ಲದೆ ಏಳುತ್ತಿದ್ದರೆ ರೋಟರ್ ಹೌಸಿಂಗಿನ ನೀರಿನ ಸೀಲ್ ಸೋರುತ್ತಿದೆ ಎಂದರ್ಥ, ಎಂಜಿನ್ ಬಿಚ್ಚಲೇಬೇಕು. ಒಮ್ಮೆ ಅತಿಯಾಗಿ ಕಾದರೂ ಆ ಸೀಲ್ ಹಾಳಾಗಬಹುದು.

ಎಕ್ಸಾಸ್ಟ್ ಪೈಪಿನ ಬೆಸುಗೆಗಳನ್ನು ಪ್ರತಿ ಓಟದ ನಂತರ ನೋಡಬೇಕು. ರೋಟರಿಯ ಹೊಗೆ ಪಿಸ್ಟನ್ ಎಂಜಿನ್ನಿನದಕ್ಕಿಂತ ಹೆಚ್ಚು ಬಿಸಿ. ಸಾದಾ ಉಕ್ಕು ತಾಳುವುದಿಲ್ಲ, ಸೈಲೆನ್ಸರಿನ ಒಳತಗಡು ಹರಿದುಹೋಗುತ್ತದೆ. 321 ಸ್ಟೇನ್‌ಲೆಸ್ ಅಥವಾ ಇಂಕೊನೆಲ್ ಬಳಸಿ. ಎಣ್ಣೆ ಫಿಲ್ಟರನ್ನು ಕೊಯ್ದು ಬಿಚ್ಚಿ, ಲೋಹದ ಚೂರು ಇದೆಯೇ ನೋಡಿ.

ಇಷ್ಟೆಲ್ಲ ಸರಿಹೋದ ಮೇಲೆ ಹಾರಾಟದ ಪರೀಕ್ಷೆ. ಪ್ರಮಾಣಪತ್ರವಿರುವ ಎಂಜಿನ್ ಮತ್ತು ಪ್ರೊಪೆಲ್ಲರ್ ಜೋಡಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ 25 ಗಂಟೆ ವಿಧಿಸುತ್ತಾರೆ. ಕಾರಿನ ಎಂಜಿನ್ ಕೂರಿಸಿದವರಿಗೆ 40 ಗಂಟೆ. ಅಷ್ಟು ಹೊತ್ತು ನಿಗದಿತ ಪ್ರದೇಶದೊಳಗೇ, ಪ್ರಯಾಣಿಕರಿಲ್ಲದೆ ಹಾರಬೇಕು.

ನಮಸ್ಕಾರ.