ತೂಕ ಒಂದೇ, ಹೆಸರು ಬೇರೆ: ಮಾತ್ರೆಯೊಳಗಿನ ಕಳ್ಳನನ್ನು ಹಿಡಿಯುವ ಮೆಷಿನ್‌ಗೇ ಗೊಂದಲವಾದಾಗ

[ಮೇಜಿನ ಮೇಲೆ ಎರಡು ಬಿಳಿ ಬಿಲ್ಲೆ. ಕ್ಯಾಮೆರಾ ನಿಧಾನಕ್ಕೆ ಹತ್ತಿರ ಬರುತ್ತದೆ]

ಈ ಎರಡು ಬಿಳಿ ಬಿಲ್ಲೆ ನೋಡಿ. ಗಾತ್ರ ಒಂದೇ, ಬಣ್ಣ ಒಂದೇ, ನಡುವಿನ ಗೆರೆಯೂ ಒಂದೇ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಗಾದೆ ಇದೆಯಲ್ಲ, ಬೆಳ್ಳಗಿರುವುದೆಲ್ಲ ಔಷಧಿಯೂ ಅಲ್ಲ. ಇವು ಏನು ಅಂತ ಕೊನೆಗೆ ಹೇಳುತ್ತೇನೆ. ಹೌದು, ನೀವು ಕೊನೆಯವರೆಗೂ ನೋಡಲಿ ಅಂತಲೇ.

ನಮಸ್ಕಾರ. ವೀಕ್ಷಕರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. "ಸರ್, ಮಾಸ್ ಸ್ಪೆಕ್ಟ್ರೋಮೀಟರ್ ಅಂತ ಒಂದು ಮೆಷಿನ್ ಇದೆಯಂತೆ. ಮಾತ್ರೆ ಪುಡಿ ಮಾಡಿ ಹಾಕಿದರೆ ಒಳಗೆ ಏನೇನಿದೆ ಅಂತ ಹೇಳಿಬಿಡುತ್ತದಂತೆ. ಅದು ಯಾವತ್ತೂ ತಪ್ಪುವುದೇ ಇಲ್ವಾ?"

ಒಳ್ಳೆಯ ಪ್ರಶ್ನೆ. ಚಿಕ್ಕ ಉತ್ತರ ಹೇಳುತ್ತೇನೆ. ಮೆಷಿನ್ ತೂಕ ಹೇಳುತ್ತದೆ. ಆ ತೂಕ ಯಾರದ್ದು ಅಂತ ಹೆಸರು ಹಚ್ಚುವವರು ನಾವು. ಎಡವಟ್ಟು ಆಗುವುದು ಅಲ್ಲೇ. ಉದ್ದ ಉತ್ತರಕ್ಕೆ ಒಂದು ಪತ್ತೇದಾರಿ ಕಥೆ ಇದೆ. ಅದನ್ನು ಹೇಳಬೇಕು ಅಂತಲೇ ಈ ವಿಡಿಯೋ ಮಾಡಿದ್ದು.

ಮೊದಲು ಮೆಷಿನ್ ಹೇಗೆ ಕೆಲಸ ಮಾಡುತ್ತದೆ, ಮೂವತ್ತೇ ಸೆಕೆಂಡು. ಅಣುವಿಗೆ ವಿದ್ಯುತ್ ಚಾರ್ಜ್ ಹಚ್ಚು. ನಿರ್ವಾತದಲ್ಲಿ ಹಾರಿಸು. ಹಗುರವಾದದ್ದು ಬೇಗ ತಲುಪುತ್ತದೆ, ಭಾರವಾದದ್ದು ತಡವಾಗಿ. ಹೊತ್ತು ಅಳೆದರೆ ತೂಕ ಸಿಕ್ಕಿತು. ಬೇರೆ ವಿನ್ಯಾಸಗಳೂ ಇವೆ, ಕೆಲವು ಅಯಸ್ಕಾಂತದಿಂದ ದಾರಿ ಬಾಗಿಸುತ್ತವೆ, ಕೆಲವು ಅಣುವನ್ನು ಗಿರಗಿರ ತಿರುಗಿಸುತ್ತವೆ. ಅದು ಇವತ್ತು ಬೇಡ. ಆದರೆ ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಈ ಮೆಷಿನ್‌ನ ಅಜ್ಜನಂಥ ಒಂದು ಉಪಕರಣದಲ್ಲಿ ಜೆ.ಜೆ. ಥಾಮ್ಸನ್ ನಿಯಾನ್ ಅನಿಲ ಹಾಯಿಸಿದಾಗ ಎರಡು ಗೆರೆ ಕಂಡವು. ಒಂದು 20ರ ಹತ್ತಿರ, ಇನ್ನೊಂದು 22ರ ಹತ್ತಿರ. ಒಂದೇ ಧಾತು, ಎರಡು ತೂಕ. ಅವರ ಜೊತೆಗಿದ್ದ ಆ್ಯಸ್ಟನ್ ಇದನ್ನೇ ಬೆನ್ನು ಹತ್ತಿ 1922ರಲ್ಲಿ ನೊಬೆಲ್ ಪಡೆದರು. ಐಸೋಟೋಪ್ ಅಂತ ಶಾಲೆಯಲ್ಲಿ ಓದಿರುತ್ತೀರಿ. ಈ ಐಸೋಟೋಪ್ ಮತ್ತೆ ಬರುತ್ತದೆ, ಖಳನಾಯಕನಾಗಿ.

ಮೊದಲು ಸುಲಭದ ಕಳ್ಳರನ್ನು ನೋಡೋಣ. ಆರ್ಟೆಸುನೇಟ್ ಅಂದರೆ ಮಲೇರಿಯಾಕ್ಕೆ ಜೀವ ಉಳಿಸುವ ಔಷಧಿ. ಆಗ್ನೇಯ ಏಷ್ಯಾದಲ್ಲಿ ಅದರ ನಕಲಿ ತುಂಬಿಕೊಂಡಿತ್ತು. ವೈದ್ಯರು, ರಸಾಯನಶಾಸ್ತ್ರಜ್ಞರು, ಪೊಲೀಸರು ಸೇರಿ ಮಾಡಿದ ತನಿಖೆ 2008ರಲ್ಲಿ ಪ್ರಕಟವಾಯಿತು. 391 ಮಾದರಿ ಪರೀಕ್ಷಿಸಿದರು. 195ರಲ್ಲಿ ಔಷಧಿ ಇರಲೇ ಇಲ್ಲ, ಅಥವಾ ಹೆಸರಿಗಷ್ಟೇ ಇತ್ತು. ಹೆಚ್ಚುಕಡಿಮೆ ಅರ್ಧ! ಕೆಲವದರಲ್ಲಿ ಪ್ಯಾರಸಿಟಮಾಲ್ ಇತ್ತು. ಜ್ವರ ಇಳಿಯುತ್ತದೆ, ರೋಗಿಗೆ ಹಾಯೆನಿಸುತ್ತದೆ, ಮಲೇರಿಯಾ ಒಳಗೇ ಬೆಳೆಯುತ್ತದೆ. ಇದಕ್ಕಿಂತ ನೀಚ ಕೆಲಸ ನನಗಂತೂ ಗೊತ್ತಿಲ್ಲ.

ಆ "ಹೆಸರಿಗಷ್ಟೇ" ಅನ್ನುವುದನ್ನು ಗಮನಿಸಿ. ಆರ್ಟೆಸುನೇಟ್ ಇದ್ದರೆ ಹಳದಿಯಾಗುವ ಒಂದು ಸುಲಭ ಬಣ್ಣದ ಪರೀಕ್ಷೆ ಇತ್ತು. ಚಿಟಿಕೆ ಔಷಧಿ ಬೆರೆಸಿದರೆ ಆ ಪರೀಕ್ಷೆಯ ಕಣ್ಣಿಗೆ ಮಣ್ಣೆರಚಬಹುದು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅಂತಾರಲ್ಲ, ಹಾಗೆ. ಮಾಸ್ ಸ್ಪೆಕ್ಟ್ರೋಮೀಟರ್ ಮುಂದೆ ಈ ಆಟ ನಡೆಯುವುದಿಲ್ಲ. ಎಷ್ಟಿದೆ, ಜೊತೆಗೆ ಬೇರೆ ಯಾರಿದ್ದಾರೆ, ಎರಡೂ ಒಟ್ಟಿಗೆ ಕಾಣುತ್ತವೆ.

[ತೆರೆಯ ಮೇಲೆ ದೊಡ್ಡದಾಗಿ: 75.0553]

ಈಗ ನನ್ನ ನೆಚ್ಚಿನ ಭಾಗ. ಈ ಸಂಖ್ಯೆ ನೋಡಿಕೊಳ್ಳಿ.

2018ರ ಜುಲೈ. ರಕ್ತದೊತ್ತಡಕ್ಕೆ ಕೊಡುವ ವಲ್ಸಾರ್ಟನ್ ಮಾತ್ರೆಗಳನ್ನು ಒಂದಾದ ಮೇಲೊಂದು ದೇಶ ವಾಪಸ್ ತರಿಸಿಕೊಂಡಿತು. ಒಳಗೆ ಎನ್‌ಡಿಎಂಎ ಅನ್ನುವ ಕಲ್ಮಶ ಸಿಕ್ಕಿತ್ತು. ಕ್ಯಾನ್ಸರ್ ತರಬಲ್ಲದ್ದು ಅಂತ ಅನುಮಾನ ಇರುವ ಅಣು. ಅದು ಬಂದದ್ದು ಎಲ್ಲಿಂದ? ಕಚ್ಚಾ ಔಷಧಿ ತಯಾರಿಸುತ್ತಿದ್ದ ಕಂಪನಿ 2012ರಲ್ಲಿ ವಿಧಾನ ಬದಲಿಸಿತ್ತು. ಅದರಲ್ಲಿ ಡಿಎಂಎಫ್ ಅನ್ನುವ ದ್ರಾವಕ ಇತ್ತು, ಸೋಡಿಯಂ ನೈಟ್ರೈಟ್ ಕೂಡ ಇತ್ತು. ಡಿಎಂಎಫ್ ಸ್ವಲ್ಪ ಒಡೆದು, ಆ ಚೂರು ನೈಟ್ರೈಟ್ ಜೊತೆ ಸೇರಿ ಎನ್‌ಡಿಎಂಎ ಹುಟ್ಟಿತು. ವರ್ಷಗಟ್ಟಲೆ ಯಾರಿಗೂ ಕಾಣಲಿಲ್ಲ. ಯಾಕೆ? ಯಾರೂ ಅದನ್ನು ಹುಡುಕುತ್ತಿರಲಿಲ್ಲ, ಅಷ್ಟೇ.

ಒಮ್ಮೆ ಹುಡುಕಲು ಶುರು ಮಾಡಿದ ಮೇಲೆ ಎಲ್ಲ ಔಷಧಿಗಳ ಮೇಲೂ ಕಣ್ಣು ಬಿತ್ತು. 2020ರಲ್ಲಿ ಸಕ್ಕರೆ ಕಾಯಿಲೆಯ ಮೆಟ್ಫಾರ್ಮಿನ್ ಸರದಿ. ಎನ್‌ಡಿಎಂಎಗೆ ಮಿತಿ ದಿನಕ್ಕೆ 96 ನ್ಯಾನೋಗ್ರಾಂ. ದಿನಕ್ಕೆ 2 ಗ್ರಾಂ ಔಷಧಿ ತೆಗೆದುಕೊಳ್ಳುವವರಿಗೆ ಅದು ಸುಮಾರು 2 ಕೋಟಿಯಲ್ಲಿ ಒಂದು ಪಾಲು. ಅಮೆರಿಕದ ಒಂದು ಖಾಸಗಿ ಲ್ಯಾಬ್ 38 ಮಾದರಿ ನೋಡಿ, 16ರಲ್ಲಿ ಮಿತಿ ಮೀರಿದೆ ಅಂತ ಹೇಳಿತು. ಅವೇ 38 ಮಾದರಿಗಳನ್ನು ಅಲ್ಲಿನ ಸರ್ಕಾರಿ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪರೀಕ್ಷಿಸಿತು. ಅವರಿಗೆ ಸಿಕ್ಕಿದ್ದು 8.

ಮಾತ್ರೆ ಅವೇ. ಹುಡುಕಿದ ಅಣುವೂ ಅದೇ. ಎರಡೂ ಕಡೆ ಮೆಷಿನ್ ದುಬಾರಿಯದ್ದೇ. ಹಾಗಾದರೆ ಉಳಿದ ಎಂಟರಲ್ಲಿ ಕಂಡದ್ದು ಯಾರು?

ನಮ್ಮ ಹಳೇ ಪರಿಚಯದ ಡಿಎಂಎಫ್! ವಲ್ಸಾರ್ಟನ್ ಕಥೆಯಲ್ಲಿ ಎನ್‌ಡಿಎಂಎಗೆ ಜನ್ಮ ಕೊಟ್ಟದ್ದು ಅದೇ ಅಲ್ವಾ? ಇಲ್ಲಿ ಅದು ಎನ್‌ಡಿಎಂಎಯ ವೇಷ ಹಾಕಿ ಬಂದಿತ್ತು.

ಹೇಗೆ ಅಂತ ನೋಡಿ. ಒಂದು ಪ್ರೋಟಾನ್ ಅಂಟಿಸಿ ಹಾರಿಸಿದಾಗ ಎನ್‌ಡಿಎಂಎ ತೂಕ 75.0553. ಡಿಎಂಎಫ್ ತೂಕ 74.0600. ಒಂದಿಡೀ ಅಂಕಿಯ ಅಂತರ, ಗೊಂದಲವೇ ಇಲ್ಲ. ಆದರೆ ಪ್ರಕೃತಿಯಲ್ಲಿ ಸುಮಾರು 270 ನೈಟ್ರೋಜನ್ ಪರಮಾಣುಗಳಲ್ಲಿ ಒಂದು ತುಸು ಭಾರದ್ದು, ನೈಟ್ರೋಜನ್-15 ಅನ್ನುವ ಐಸೋಟೋಪ್. ಅದು ಡಿಎಂಎಫ್ ಒಳಗೆ ಕೂತರೆ ತೂಕ 75.0571 ಆಗುತ್ತದೆ. 75.0553 ಎಲ್ಲಿ, 75.0571 ಎಲ್ಲಿ? ಪಕ್ಕಪಕ್ಕದಲ್ಲೇ!

ಸುಮ್ನೆ ಕಲ್ಪಿಸಿಕೊಳ್ಳಿ. ಅಣುಗಳ ಬದಲು ಮನುಷ್ಯರು. ಇಬ್ಬರೂ 75 ಕೆಜಿ ಚಿಲ್ಲರೆ. ಇಬ್ಬರ ತೂಕದ ಅಂತರ 1.8 ಗ್ರಾಂ. ಒಂದು ಎ4 ಹಾಳೆ ಸುಮಾರು 5 ಗ್ರಾಂ ಇರುತ್ತದೆ. ಅಂದರೆ ಹಾಳೆಯ ಮೂರನೇ ಒಂದು ಭಾಗಕ್ಕಿಂತ ಕೊಂಚ ಜಾಸ್ತಿ. ಆ ಹರಿದ ಚೂರು ಯಾರ ಜೇಬಿನಲ್ಲಿದೆ ಅಂತ ತೂಕದ ಮೇಲೆ ನಿಲ್ಲಿಸಿ ಹೇಳಬೇಕು. ಅದೂ ಅವರು ಓಡುತ್ತಿರುವಾಗ. ನನ್ನನ್ನು ನಿಲ್ಲಿಸಿದರೆ ಕನ್ನಡಕ ತೆಗೆದರೂ ಲೆಕ್ಕ ತಲೆಕೆಳಗು.

"ಅಯ್ಯೋ, 270ರಲ್ಲಿ ಒಂದು ತಾನೇ" ಅನ್ನಬೇಡಿ. ನಾನು ಪೆನ್ನು ಹಿಡಿದು ಲೆಕ್ಕ ಹಾಕಿದೆ. ಡಿಎಂಎಫ್ ಅಷ್ಟು ಅಪಾಯದ್ದಲ್ಲ, ದಿನಕ್ಕೆ 8.8 ಮಿಲಿಗ್ರಾಂವರೆಗೆ ಔಷಧಿಯಲ್ಲಿ ಉಳಿದರೆ ಅಂತರರಾಷ್ಟ್ರೀಯ ನಿಯಮ ಒಪ್ಪುತ್ತದೆ. ಅದರಲ್ಲಿ ಭಾರದ ನೈಟ್ರೋಜನ್ ಇರುವ ಅಣುಗಳಷ್ಟನ್ನೇ ತೆಗೆದರೂ 32 ಮೈಕ್ರೋಗ್ರಾಂ ಹತ್ತಿರ ಬರುತ್ತದೆ. ಎನ್‌ಡಿಎಂಎ ಮಿತಿಯ 300 ಪಟ್ಟಿಗಿಂತ ಜಾಸ್ತಿ! ನಿಯಮ ಮೀರದ ಡಿಎಂಎಫ್ ಕೂಡ ದೊಡ್ಡ ಕಳ್ಳನ ಹಾಗೆ ಕಾಣಬಹುದು.

ಇಬ್ಬರನ್ನೂ ಬಿಡಿಸುವ ದಾರಿ ಎರಡು. ಒಂದು, ಮೆಷಿನ್ ಕಣ್ಣನ್ನು ಇನ್ನೂ ಚೂಪು ಮಾಡುವುದು, "75.0553ರ ಆಚೀಚೆ ಇಷ್ಟೇ ಒಪ್ಪುತ್ತೇನೆ" ಅಂತ ಕಿಟಕಿ ಕಿರಿದು ಮಾಡುವುದು. ಎರಡು, ಮೆಷಿನ್‌ಗೆ ಹೋಗುವ ಮೊದಲೇ ಅಣುಗಳನ್ನು ಬೇರೆ ಮಾಡುವುದು. ಅದಕ್ಕೆ ಕ್ರೊಮ್ಯಾಟೋಗ್ರಫಿ ಅಂತಾರೆ. ಉದ್ದ ಕೊಳವೆಯಲ್ಲಿ ಬಿಟ್ಟರೆ ಒಂದೊಂದು ಅಣು ಒಂದೊಂದು ಹೊತ್ತಿಗೆ ಹೊರಬರುತ್ತದೆ. ಖಾಸಗಿ ಲ್ಯಾಬ್‌ನ ವಿಧಾನದಲ್ಲಿ ಇವೆರಡೂ ಒಂದೇ ಹೊತ್ತಿಗೆ ಬಾಗಿಲು ದಾಟುತ್ತಿದ್ದವು.

ಒಂದು ಮಾತು ಬಿಡಬಾರದು. ಎಫ್‌ಡಿಎಗೆ ಸಿಕ್ಕ ಆ 8 ಮಾದರಿಗಳಲ್ಲಿ ಎನ್‌ಡಿಎಂಎ ನಿಜವಾಗಿಯೂ ಮಿತಿ ಮೀರಿತ್ತು. "ಎಲ್ಲ ಸುಳ್ಳು ಗುಲ್ಲು" ಅಂತ ಯಾರಾದರೂ ಹೇಳಿದರೆ ಅದೂ ತಪ್ಪು ಓದು.

[ಎಡಿಟರ್ ಕೈ ತೋರಿಸುತ್ತಿದ್ದಾರೆ, ಸಮಯ ಆಗುತ್ತಿದೆ]

ಸರಿ, ಸರಿ. ಇಮೇಜಿಂಗ್, ಅಂದರೆ ಮಾತ್ರೆಯಲ್ಲಿ ಯಾವ ಅಣು ಎಲ್ಲಿದೆ ಅಂತ ನಕಾಶೆ ಬರೆಯುವ ಬಗ್ಗೆ ಬೇಗ ಹೇಳಿಬಿಡುತ್ತೇನೆ, ಅದಕ್ಕೆ ಬೇರೆ ವಿಡಿಯೋ ಆಗುವಷ್ಟು ವಿಷಯ ಇದೆ. 2004ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಗ್ರಹಾಂ ಕುಕ್ಸ್ ತಂಡ ಡೆಸಿ ಅನ್ನುವ ವಿಧಾನ ತಂದಿತು. ಮಾತ್ರೆಯನ್ನು ಪುಡಿ ಮಾಡುವ ಕೆಲಸವೇ ಇಲ್ಲ. ಚಾರ್ಜ್ ಇರುವ ಸಣ್ಣ ಹನಿಗಳನ್ನು ಅದರ ಮೇಲೆ ಸಿಂಪಡಿಸುತ್ತಾರೆ. ಹನಿ ಚಿಮ್ಮಿದಾಗ ಮೇಲ್ಮೈಯ ಅಣುಗಳನ್ನು ಹೊತ್ತುಕೊಂಡು ಮೆಷಿನ್‌ಗೆ ಹೋಗುತ್ತದೆ. ಮಾತ್ರೆಯನ್ನು 0.1 ಮಿಲಿಮೀಟರ್ ಹೆಜ್ಜೆಯಲ್ಲಿ ಸರಿಸುತ್ತಾ ಹೋದರೆ 10 ಮಿಲಿಮೀಟರ್ ಚೌಕದಲ್ಲಿ 10,000 ಚುಕ್ಕೆ. ಪ್ರತಿ ಚುಕ್ಕೆಗೂ ಒಂದು ತೂಕದ ಪಟ್ಟಿ. ಒಂದು ತೂಕ ಆರಿಸಿ ಬಣ್ಣ ಹಚ್ಚಿದರೆ ಆ ಅಣುವಿನ ನಕಾಶೆ ರೆಡಿ.

ನಕಾಶೆಯಿಂದ ಏನು ಲಾಭ? ಕಲ್ಮಶ ಮಾತ್ರೆಯ ಅಂಚಿನಲ್ಲಿ ಮಾತ್ರ ಇದ್ದರೆ ಗಾಳಿ, ತೇವ ತಾಗಿ ಔಷಧಿ ಕೆಟ್ಟಿರಬಹುದು. ಹೊರ ಲೇಪದಲ್ಲಿ ಮಾತ್ರ ಇದ್ದರೆ ಲೇಪದ ಸಾಮಾನಿನ ಮೇಲೆ ಅನುಮಾನ. ಔಷಧಿ ಅಲ್ಲಲ್ಲಿ ಗಡ್ಡೆಗಡ್ಡೆಯಾಗಿ ಕಂಡರೆ ಮಿಶ್ರಣ ಸರಿಯಾಗಿ ಆಗಿಲ್ಲ, ನಕಲಿಯವರ ಕೈಚಳಕವೂ ಇರಬಹುದು. ಪುಡಿ ಮಾಡಿದರೆ ಈ ಸುಳಿವೆಲ್ಲ ಪುಡಿಯಾಗಿಬಿಡುತ್ತದೆ.

ಇನ್ನು ಕೊನೆಗೆ ನಮ್ಮ ಎರಡು ಬಿಲ್ಲೆ. ಎರಡೂ ಸೀಮೆಸುಣ್ಣ. ನಿನ್ನೆ ರಾತ್ರಿ ಬ್ಲೇಡಿನಲ್ಲಿ ನಾನೇ ಕೆತ್ತಿದ್ದು, ಬೆರಳಿನ ಪಟ್ಟಿ ಸಾಕ್ಷಿ. ಮಜಾ ಏನು ಗೊತ್ತಾ? ಇದನ್ನು ಡೆಸಿ ಕೆಳಗೆ ಇಟ್ಟರೆ ಹೇಳಿಕೊಳ್ಳುವಂಥದ್ದೇನೂ ಕಾಣುವುದಿಲ್ಲ. ಇಂಥ ಖನಿಜದ ಹರಳುಗಳು ಔಷಧಿ ಅಣುಗಳ ಹಾಗೆ ಸಲೀಸಾಗಿ ಹಾರುವುದಿಲ್ಲ. ಆ ಆರ್ಟೆಸುನೇಟ್ ತನಿಖೆಯಲ್ಲೂ ನಕಲಿ ಮಾತ್ರೆಯೊಳಗಿನ ಸುಣ್ಣದ ಹರಳು ಯಾವುದು ಅಂತ ಕೇಳಲು ಎಕ್ಸ್-ರೇ ಬೇಕಾಯಿತು. ಎಲ್ಲಿಂದ ಬಂತು ಅಂತ ಊಹಿಸಲು ಮಾತ್ರೆಯಲ್ಲಿ ಸಿಕ್ಕಿಹಾಕಿಕೊಂಡಿದ್ದ ಹೂವಿನ ಪರಾಗವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಳ್ಳ, ಪ್ಯಾಕಿನ ಮೇಲಿನ ಹೊಲೊಗ್ರಾಂವರೆಗೂ ನಕಲು ಮಾಡಿದ್ದ. ಗಾಳಿಯಲ್ಲಿ ತೇಲಿ ಬಂದ ಪರಾಗವನ್ನು ಮಾತ್ರ ತಡೆಯಲು ಆಗಲಿಲ್ಲ.