ಸಕ್ಕರೆ ಅಚ್ಚು ತಿಂತೀರೋ, ಮರ ತಿಂತೀರೋ?

ನಮಸ್ಕಾರ, ನಮಸ್ಕಾರ. ಇವತ್ತಿಗೆ ಬೇರೆ ಏನೋ ಬರ್ಕೊಂಡಿದ್ದೆ. ಆ ಹಾಳೆ ಪಕ್ಕಕ್ಕಿಟ್ಟೆ. ಯಾಕಂದ್ರೆ ಹೋದ ವಾರದ ವಿಡಿಯೋ ಕೆಳಗೆ ಒಬ್ಬ ಪುಣ್ಯಾತ್ಮರು ಬರೆದಿದ್ದಾರೆ: "ಗುರೂ, ನಿಮ್ಮ ಹಿಂದೆ ಗೋಡೆ ಮೇಲಿರೋದು ಬರೀ ಪ್ರಿಂಟ್ ತಾನೇ? ಒರಿಜಿನಲ್ ತಗೊಳ್ಳೋಕೆ ದುಡ್ಡಿಲ್ವಾ?" ಅದಕ್ಕೆ 43 ಲೈಕು. ನನ್ನ ಹಿಂದಿನ ಮೂರು ವಿಡಿಯೋ ಸೇರಿಸಿದ್ರೂ ಅಷ್ಟು ಲೈಕ್ ಬಿದ್ದಿಲ್ಲ.

ದುಡ್ಡಿಲ್ಲ ಅನ್ನೋದು ನಿಜ. ಆದ್ರೆ ಇದು ಒರಿಜಿನಲ್ಲೇ ಸ್ವಾಮೀ.

ತಡೀರಿ, ಕ್ಯಾಮೆರಾ ಹತ್ರ ತರ್ತೀನಿ. ಫ್ರೇಮಿಂದ ಈಚೆ ತೆಗೆದಿದ್ದೀನಿ. ಯಾಕೆ ಅಂತ ಆಮೇಲೆ ಹೇಳ್ತೀನಿ, ಅದೊಂದು ದೊಡ್ಡ ಗೋಳು. ಆಡಿಯೋ ಮಾತ್ರ ಕೇಳ್ತಿರೋರಿಗೆ ಹೇಳ್ಬಿಡ್ತೀನಿ: ಒಂದು ಕಾಗದ, ಕಪ್ಪು ಮಸಿ, ರೆಕ್ಕೆ ಬಿಚ್ಚಿ ನಿಂತಿರೋ ಹಕ್ಕಿ. ಮರದ ಹಲಗೇಲಿ ಕೆತ್ತಿ, ಮಸಿ ಬಳಿದು, ಕಾಗದಕ್ಕೆ ಒತ್ತಿ ತೆಗೆದಿದ್ದು, ಅಂದ್ರೆ ಮರದಚ್ಚು. ಈ ಕಪ್ಪಿನೊಳಗೆ ಕೂದಲೆಳೆಯಂಥ ಬಿಳಿ ಗೆರೆ ಕಾಣ್ತಿದೆಯಾ? ಅದು ಮರದ ನಾರು. ಇಲ್ಲಿ, ರೆಕ್ಕೆ ತುದೀಲಿ, ಉಳಿ ಒಂಚೂರು ಜಾರಿದೆ. ಹಿಂದೆ ತಿರುಗಿಸಿ ಬೆರಳಾಡಿಸಿದ್ರೆ ಒತ್ತಿದ ಕಡೆ ಕಾಗದ ಉಬ್ಬಿರೋದು ಗೊತ್ತಾಗುತ್ತೆ. ಜೆರಾಕ್ಸ್ ಮಷೀನು ಇದನ್ನ ಮಾಡುತ್ತಾ?

ಇದು ಬ್ರೆಜಿಲ್ಲಿನ ಜೆ. ಬೊರ್ಜೆಸ್ ಅವರದ್ದು. ಅದೇ ಹೆಸರಿನ ಅರ್ಜೆಂಟೀನಾದ ಕತೆಗಾರ ಅಲ್ಲ, ದಯವಿಟ್ಟು ಕಾಮೆಂಟಲ್ಲಿ ನನ್ನನ್ನ ತಿದ್ದೋಕೆ ಬರ್ಬೇಡಿ. ಇವರು ಪೆರ್ನಾಂಬುಕೊ ರಾಜ್ಯದ ಬೆಜೆರೋಸ್ ಅನ್ನೋ ಊರಿನವರು. ಸ್ಕೂಲಿಗೆ ಹೋಗಿದ್ದು ಬರೀ 10 ತಿಂಗಳು. ಆ ಕಡೆ ಸಂತೆಗಳಲ್ಲಿ ಪದ್ಯದ ಸಣ್ಣ ಪುಸ್ತಕಗಳನ್ನ ದಾರಕ್ಕೆ ನೇತುಹಾಕಿ, ರಾಗವಾಗಿ ಹಾಡ್ಕೊಂಡು ಮಾರ್ತಾರೆ. ಕೊರ್ದೆಲ್ ಅಂತಾರೆ ಅದಕ್ಕೆ. ದಾರ ಅಂತಲೇ ಅರ್ಥ. ಬೊರ್ಜೆಸ್ 1964ರಲ್ಲಿ ಅಂಥದ್ದೊಂದು ಬರೆದ್ರು, ಮುಖಪುಟದ ಚಿತ್ರ ಬೇರೆಯವರು ಮಾಡ್ಕೊಟ್ಟಿದ್ರು. ಎರಡನೇ ಪುಸ್ತಕದ ಹೊತ್ತಿಗೆ ಚಿತ್ರ ಕೆತ್ತಿಸೋಕೆ ಕೈಲಿ ಕಾಸಿಲ್ಲ. ಸರಿ, ತಾವೇ ಮರದ ತುಂಡು ಹಿಡ್ಕೊಂಡು ಕೂತು ಊರಿನ ಚರ್ಚಿನ ಮುಂಭಾಗ ಕೆತ್ತಿದ್ರು. ಶುರುವಾಗಿದ್ದೇ ಹಾಗೆ. ದುಡ್ಡಿಲ್ವಾ ಅಂತ ಕೇಳಿದ್ರಲ್ಲ? ಅವರ ಹತ್ರಾನೂ ಇರ್ಲಿಲ್ಲ!

ನಮ್ಮ ಭಾವಮೈದ ಕೆಲಸದ ಮೇಲೆ ಆ ರಾಜ್ಯದ ರಾಜಧಾನಿ ರೆಸೀಫಿಗೆ ಹೋಗಿದ್ದಾಗ, ನನ್ನ ಕಾಟ ತಡೀಲಾರದೆ 100 ಕಿಲೋಮೀಟರ್ ಆಚೆ ಇರೋ ಬೆಜೆರೋಸಿಗೆ ಹೋಗಿ ಇದನ್ನ ತಂದ. ಹೆದ್ದಾರಿ ಪಕ್ಕದಲ್ಲೇ ಅವರ ಕೆಲಸದ ಜಾಗ. ವಾಪಸ್ ಬಂದವನು ನನಗೆ ಹೇಳಿದ್ದು ಒಂದೇ ಮಾತು: "ಭಾವ, ಕಾಫಿ ಪುಡಿ ತಂದಿದ್ರೆ ಅಕ್ಕ ಖುಷಿಪಡ್ತಿದ್ಲು."

ಈಗ ವಿಷಯಕ್ಕೆ ಬರೋಣ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡ್ತಾರಲ್ಲ ನಿಮ್ಮನೇಲಿ? ಮರದ ಅಚ್ಚಿಗೆ ಪಾಕ ಹೊಯ್ದು, ಆರಿದ ಮೇಲೆ ಬಿಡಿಸಿದ್ರೆ ಗಿಳಿ, ಆನೆ, ತುಳಸಿಕಟ್ಟೆ. ಅದರಲ್ಲಿ ಒರಿಜಿನಲ್ ಯಾವುದು? ಮರಾನಾ? ಎಳ್ಳಿನ ಜೊತೆ ಮರ ಬೀರ್ತೀರಾ? ಮರ ಸಾಧನ, ತಿನ್ನೋದು ಸಕ್ಕರೆ. ಇಲ್ಲೂ ಅಷ್ಟೇ. ಮರದ ಮೇಲೆ ಕೆತ್ತಿರೋದು ಎಡ-ಬಲ ತಿರುಗಾ ಮುರುಗಾ, ಅದು ಚಿತ್ರ ಅಲ್ಲ. ಕಾಗದದ ಮೇಲೆ ಬಿದ್ದಾಗಲೇ ಚಿತ್ರ ಹುಟ್ಟೋದು. ಅದಕ್ಕೆ ಮುಂಚೆ ಇನ್ನೊಂದು "ಅಸಲಿ" ಎಲ್ಲೂ ಇಲ್ಲ, ಬೀಗ ಹಾಕಿಟ್ಟಿಲ್ಲ!

ನಮ್ಮ ದೇವರ ಮನೇಲಿರೋ ರವಿವರ್ಮನ ಲಕ್ಷ್ಮಿ ಬೇರೆ. ಮೊದಲು ಎಣ್ಣೆಬಣ್ಣದ ಚಿತ್ರ, ಆಮೇಲೆ ಅದನ್ನ ನೋಡಿ ಪ್ರೆಸ್ಸಿನಲ್ಲಿ ಅಚ್ಚು. ಅದು ನಕಲು, ಒಪ್ಪಿದೆ. ಪೇಂಟಿಂಗನ್ನ ಸ್ಕ್ಯಾನ್ ಮಾಡಿ ಇಂಕ್‌ಜೆಟ್ಟಲ್ಲಿ ತೆಗೆದು "ಲಿಮಿಟೆಡ್ ಎಡಿಷನ್" ಅಂತ ಮಾರ್ತಾರಲ್ಲ, ಅದೂ ನಕಲೇ, ಬೆಲೆ ಎಷ್ಟಾದ್ರೂ ಇರ್ಲಿ. ತೊಂದ್ರೆ ಎಲ್ಲಿ ಅಂದ್ರೆ ನಾವು ಎರಡಕ್ಕೂ ಪ್ರಿಂಟ್ ಪ್ರಿಂಟ್ ಅಂತೀವಿ. ಬ್ರೆಜಿಲಲ್ಲಿ ಈ ರಗಳೆ ಇಲ್ಲ. ಕಲಾವಿದ ಅಚ್ಚಿಗಂತಲೇ ಮಾಡಿದ್ದು ಗ್ರವೂರ, ಮರದ್ದಾದ್ರೆ ಶಿಲೊಗ್ರವೂರ. ನಕಲಿಗೆ ಬೇರೆ ಪದ ಇದೆ, ಅದನ್ನ ಉಚ್ಚರಿಸೋಕೆ ಹೋದ್ರೆ ನನ್ನ ನಾಲಿಗೆ ಉಳುಕುತ್ತೆ.

ಅಂದ ಹಾಗೆ ಸಬ್‌ಸ್ಕ್ರೈಬ್ ಮಾಡಿ. ನಮ್ಮ ಚಾನೆಲ್ ಟೀ ಶರ್ಟ್ ಬಂದಿದೆ, ಎಕ್ಸ್‌ಎಲ್ ಮಾತ್ರ ಉಳಿದಿದೆ. ಅದೂ ಸ್ಕ್ರೀನ್ ಪ್ರಿಂಟೇ. ಅದನ್ನ ಕಲೆ ಅಂತ ನಾನು ಅನ್ನಲ್ಲ, ಒಗೆದ್ರೆ ಬಣ್ಣ ಹೋಗುತ್ತೆ.

"ಆದ್ರೆ ಸಾರ್, ನೂರು ಪ್ರತಿ ತೆಗೆದ್ರೆ ಬೆಲೆ ಎಲ್ಲಿ?" ಇದು ಎರಡನೇ ಬುದ್ಧಿವಂತರ ಪ್ರಶ್ನೆ. ಗಿಲ್ವಾನ್ ಸಮಿಕೊ ಅಂತ ಇನ್ನೊಬ್ಬ ಕಲಾವಿದರು ಇದ್ರು, ಅದೇ ಪೆರ್ನಾಂಬುಕೊದ ಒಲಿಂಡಾ ಊರಲ್ಲಿ. 2013ರಲ್ಲಿ ತೀರ್ಕೊಂಡ್ರು. ಕೊನೆಕೊನೆಗೆ ವರ್ಷಕ್ಕೆ ಒಂದೇ ಒಂದು ಮರದಚ್ಚಿನ ಚಿತ್ರ ಮಾಡ್ತಿದ್ರು. ವರ್ಷಕ್ಕೆ ಒಂದು! ನಾವು ವಾರಕ್ಕೆರಡು ವಿಡಿಯೋ ಹಾಕ್ತೀವಿ, ಒಂದೂ ನೆನಪಿರಲ್ಲ. ಜೆರಾಕ್ಸ್ ಅಂಗಡಿಯವನು ಒಂದು ಹಾಳೆಗೆ ಒಂದು ವರ್ಷ ತಗೊಂಡ್ರೆ ಬಿಡ್ತೀರಾ?

ಇನ್ನು "ಕ್ಯಾನ್ವಾಸೇ ಅಸಲಿ" ಅನ್ನೋ ಗುಂಪಿಗೆ ನನ್ನ ಉತ್ತರ ಬಿಯಾಟ್ರಿಸ್ ಮಿಲ್ಯಾಜೆಸ್. ಬ್ರೆಜಿಲ್ಲಿನ ರಿಯೊದ ಕಲಾವಿದೆ. ಹೂವು, ಚಕ್ರ, ಲೇಸು, ಕಾರ್ನಿವಲ್ ಬಣ್ಣ. 2012ರಲ್ಲಿ ಇವರ ಒಂದು ಪೇಂಟಿಂಗ್ ನ್ಯೂಯಾರ್ಕ್ ಹರಾಜಲ್ಲಿ 20 ಲಕ್ಷ ಡಾಲರ್ ದಾಟ್ತು. ಅದನ್ನ ಹೇಗೆ ಮಾಡ್ತಾರೆ ಗೊತ್ತಾ? ಬಣ್ಣ ಹಚ್ಚೋದು ಪ್ಲಾಸ್ಟಿಕ್ ಹಾಳೆ ಮೇಲೆ. ಒಣಗಿದ ಮೇಲೆ ಕ್ಯಾನ್ವಾಸಿಗೆ ಮಗುಚಿ ಅಂಟಿಸಿ, ಪ್ಲಾಸ್ಟಿಕ್ ಸುಲಿದು ತೆಗೀತಾರೆ. ಮಗುಚಿ! ಅಂದ್ರೆ ಅದೂ ಒಂಥರಾ ಅಚ್ಚೇ ಅಲ್ವೇನ್ರೀ? ಈಗ ಹೇಳಿ, ಅದು ಜೆರಾಕ್ಸಾ? ಪೆನ್ಸಿಲ್ವೇನಿಯಾದ ಒಂದು ಪ್ರೆಸ್ಸಲ್ಲಿ ಕೂತು 1996ರಿಂದ ಸ್ಕ್ರೀನ್ ಪ್ರಿಂಟ್ ಕೂಡ ಮಾಡ್ತಾ ಬಂದಿದ್ದಾರೆ. ಪೆನ್ಸಿಲ್ಲಲ್ಲಿ ರುಜು, ಪಕ್ಕದಲ್ಲಿ ಇಷ್ಟರಲ್ಲಿ ಇಷ್ಟನೇದು ಅಂತ ನಂಬರು.

ಆ, ಗೊತ್ತಾಯ್ತು, ಟೈಪ್ ಮಾಡ್ತಿದ್ದೀರಿ. "ಬೊರ್ಜೆಸ್ ಅವರದ್ದರಲ್ಲಿ ನಂಬರೇ ಇಲ್ವಲ್ಲ, ಕೇಳಿದಷ್ಟು ಒತ್ತಿ ಕೊಡ್ತಿದ್ರಲ್ಲ?" ಹೌದು, ಕೊಡ್ತಿದ್ರು. ಏನೀಗ? ಸಂತೇಲಿ ಬೆಳೆದ ಮನುಷ್ಯ, ಸಂತೆ ಜನಕ್ಕೆ ಸಿಗ್ಲಿ ಅಂತ ಒತ್ತಿದ್ರು. ನಂಬರ್ ಬೇಕಿದ್ರೆ ಆಟೋ ಹಿಂದೆ ನೋಡ್ಕೊಳ್ಳಿ. 2023ರ ಜೂನಲ್ಲಿ ಬ್ರೆಜಿಲ್ ಅಧ್ಯಕ್ಷ ಲೂಲ ವ್ಯಾಟಿಕನ್ನಿಗೆ ಹೋದಾಗ ಪೋಪ್ ಫ್ರಾನ್ಸಿಸ್ ಕೈಗೆ ಕೊಟ್ಟಿದ್ದು ಬೊರ್ಜೆಸ್ ಅವರ ಮರದಚ್ಚಿನ ಪವಿತ್ರ ಕುಟುಂಬದ ಚಿತ್ರ, ಅಂದ್ರೆ ಬಾಲಯೇಸು, ಮೇರಿ, ಜೋಸೆಫ್. ಪೋಪಿಗೆ ಜೆರಾಕ್ಸ್ ಕೊಟ್ರಾ? ಹೇಳಿ! ಇನ್ನೊಂದು ಪಾಯಿಂಟ್ ಬರ್ಕೊಂಡಿದ್ದೆ, ಹಾಳೆ ಸಿಗ್ತಿಲ್ಲ. ಪರವಾಗಿಲ್ಲ, ಒರಿಜಿನಲ್ ಅಂದ್ರೆ ಒರಿಜಿನಲ್. ಮುಗೀತು.

ಹಾಂ, ಆ ಫ್ರೇಮಿನ ಗೋಳು. ಒಂದು ಅಂಗಡಿಗೆ ಕೊಟ್ಟಿದ್ದೆ, ಹೆಸರು ಬೇಡ. ಗಾಜು ಸೈಜಿಗೆ ಕೂರ್ಲಿಲ್ಲ ಅಂತ ಕಾಗದದ ಕೆಳ ಅಂಚು ಬ್ಲೇಡಲ್ಲಿ ಕುಯ್ದಿದ್ದಾನೆ. ಅದೇ ಅಂಚಲ್ಲಿ ಪೆನ್ಸಿಲ್ ರುಜು ಇತ್ತು! "ಪೋಸ್ಟರ್ ಅನ್ಕೊಂಡೆ ಸಾರ್" ಅಂದ. ನಾನು ಅಲ್ಲೇ ನಿಂತು ಸಕ್ಕರೆ ಅಚ್ಚಿಂದ ಪೋಪ್‌ವರೆಗೂ ಇಷ್ಟೂ ಹೇಳಿದೆ. ತಾಳ್ಮೆಯಿಂದ ಕೇಳಿದ ಪಾಪ. ಕೇಳಿ ಅಂದಿದ್ದು: "ಎಲ್ಲಾನೂ ಒರಿಜಿನಲ್ಲೇ ಅಂದ್ರಲ್ಲ ಸಾರ್, ಹಂಗಾದ್ರೆ ಇನ್ನೊಂದು ಒತ್ತಿಸ್ಕೊಂಡು ಬನ್ನಿ."

ಬೊರ್ಜೆಸ್ 2024ರ ಜುಲೈನಲ್ಲಿ ತೀರ್ಕೊಂಡ್ರು ಕಣಯ್ಯಾ, 88 ವರ್ಷ, ಅಂದೆ. ಅವನು ಸುಮ್ಮನಾದ. ಇಬ್ಬರೂ ಸೇರಿ ಕಸದ ಡಬ್ಬ ಬಗ್ಗಿಸಿ ಹುಡುಕಿದ್ವಿ. ಸಿಕ್ತು. ಇಲ್ನೋಡಿ, ಬೆರಳಗಲ ಚೂರು, ಮೇಲೆ ಒಂದು ಟೀ ಕಲೆ. ಇದನ್ನ ಕಾಗದ ಹಾಳಾಗದಂಗೆ ಅಂಟಿಸೋದು ಹೇಗೆ ಅಂತ ಗೊತ್ತಿರೋರು ಕೆಳಗೆ ಬರೀರಿ. ಆ 43 ಜನ ಮಾತ್ರ ಬರೀಬೇಡಿ.