ಮೈಮೇಲೆ ಗೀರೂ ಇಲ್ಲದ ಗಾಯ

ಕೇಳುಗರೆಲ್ಲರಿಗೂ ನಮಸ್ಕಾರ. ನನ್ನ ಊರು ಧಾರವಾಡ. ಸೇನೆಯ ಎಕ್ಸ್‌ರೇ ವಿಭಾಗದಲ್ಲಿ ದುಡಿದು, ಈಗ ಪುಣೆಯ ವಾನವಡಿಯಲ್ಲಿ ನೆಲೆಸಿದ್ದೇನೆ. 1948ರಲ್ಲಿ ಶುರುವಾದ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು ಇರುವುದು ಇಲ್ಲೇ. ಇಲ್ಲಿನ ಕನ್ನಡದ ಗೆಳೆಯರು ಆಗಾಗ ಕೇಳುತ್ತಾರೆ: "ಬಾಂಬ್ ಸಿಡಿದಾಗ ಮೈಮೇಲೆ ಗಾಯ ಆಗದಿದ್ರೆ ಸೈನಿಕ ಬಚಾವಾದ ಅಂತಲೇ, ಅಲ್ವಾ?"

ಹಾಗಲ್ಲ. ಸಿಡಿತದ ಜೊತೆ ಗಾಳಿಯ ಒತ್ತಡ ಅಲೆಯಾಗಿ ಬಂದು ಅಪ್ಪಳಿಸುತ್ತದೆ. ಗಾಳಿ ತುಂಬಿದ ಅಂಗಗಳಿಗೇ ಅದರ ಪೆಟ್ಟು ಜಾಸ್ತಿ: ಕಿವಿ, ಶ್ವಾಸಕೋಶ, ಕರುಳು. ಚರ್ಮದ ಮೇಲೆ ಗೀರೂ ಇರುವುದಿಲ್ಲ, ಒಳಗೆ ಕರುಳಿನ ಗೋಡೆಯಲ್ಲಿ ರಕ್ತ ಕಟ್ಟಿರುತ್ತದೆ. ಆ ಜಾಗ ಒಂದೆರಡು ದಿನ ಬಿಟ್ಟು ತೂತಾಗಬಹುದು. ಹಾರಿಬಂದ ಲೋಹದ ಚೂರಿನ ದಾರಿಯೂ ಹಾಗೇ. ಸೊಂಟದಲ್ಲಿ ಕಡಲೆ ಕಾಳಿನಷ್ಟು ತೂತು, ಚೂರು ಹೋಗಿ ಕೂತದ್ದು ಲಿವರ್‌ನಲ್ಲಿ.

ಗಾಯಾಳು ಬಂದ ಕೂಡಲೇ ಸೋನೋಗ್ರಫಿ. ಡಾಕ್ಟರು ತಣ್ಣನೆ ಜೆಲ್ ಹಚ್ಚಿ, ಬಲ ಪಕ್ಕೆಗೆ ಪ್ರೋಬ್ ಒತ್ತುತ್ತಾರೆ. ಪರದೆಯ ಮೇಲೆ ಬೂದು ಬಣ್ಣದ ಲಿವರ್, ಅದಕ್ಕೆ ತಾಗಿಕೊಂಡು ಕಿಡ್ನಿ. ಎರಡರ ನಡುವೆ ಕಪ್ಪು ಗೆರೆ ಮೂಡಿತೋ, ಅದು ಬಹುಪಾಲು ರಕ್ತವೇ. ಆಮೇಲೆ ಗುಲ್ಮದ (ಸ್ಪ್ಲೀನ್) ಸುತ್ತ, ಕಿಬ್ಬೊಟ್ಟೆ, ಹೃದಯದ ಸುತ್ತ. ಕೆಲವೇ ನಿಮಿಷದ ಕೆಲಸ. ಬಿಪಿ ಕುಸಿಯುತ್ತಿದ್ದು ಹೊಟ್ಟೆಯಲ್ಲಿ ರಕ್ತ ಕಂಡರೆ ಸೀದಾ ಆಪರೇಷನ್.

ಗೆರೆ ಕಾಣಲಿಲ್ಲ ಅಂತ ಸುಮ್ನೆ ಕೂರುವ ಹಾಗಿಲ್ಲ. ತೂತಾದ ಕರುಳು ಸೋನೋಗ್ರಫಿಗೆ ಸುಲಭವಾಗಿ ಸಿಗುವುದಿಲ್ಲ. ಬಿಪಿ ಸರಿಯಿದ್ದರೆ ಸಿಟಿ ಸ್ಕ್ಯಾನ್. ಅದು ನಮ್ಮ ಕೈಯ ಕೆಲಸ. ರಕ್ತನಾಳಕ್ಕೆ ಕಾಂಟ್ರಾಸ್ಟ್, ಅಂದರೆ ಸ್ಕ್ಯಾನ್‌ನಲ್ಲಿ ಎದ್ದು ಕಾಣುವ ದ್ರವ, ಕೊಟ್ಟರೆ ರಕ್ತ ಸೋರುವ ಜಾಗ ಬೆಳ್ಳಗೆ ಕಾಣುತ್ತದೆ. ಕರುಳಿನಿಂದ ಹೊರಬಿದ್ದ ಗಾಳಿ ಕಪ್ಪು ಗುಳ್ಳೆಯಾಗಿ ಕಾಣುತ್ತದೆ. ಲೋಹದ ಚೂರು ಮಾತ್ರ ಸುತ್ತಲೂ ಕಿರಣ ಚೆಲ್ಲಿದಂತೆ ಹೊಳೆದು, ಪಕ್ಕದ ಅಂಗವನ್ನೇ ಮಸುಕು ಮಾಡುತ್ತದೆ. ಅದೇ ದೊಡ್ಡ ಫಜೀತಿ. ಎಂಆರ್‌ಐ ಮಾಡೋಣವೆಂದರೆ ಅದರ ಅಯಸ್ಕಾಂತ ಕಬ್ಬಿಣದ ಚೂರನ್ನು ಕದಲಿಸಬಹುದು.

ಸಿಟಿಯಲ್ಲೂ ಮೊದಲ ದಿನ ಕರುಳಿನ ಪೆಟ್ಟು ತಪ್ಪಿಹೋಗಬಹುದು. ಅದಕ್ಕೇ ಡಾಕ್ಟರು ಮತ್ತೆ ಮತ್ತೆ ಬಂದು ಹೊಟ್ಟೆ ಮುಟ್ಟಿ ನೋಡುತ್ತಾರೆ. ರಾತ್ರಿ ಮೆತ್ತಗಿದ್ದ ಹೊಟ್ಟೆ ಬೆಳಿಗ್ಗೆ ಹಲಗೆಯಂತೆ ಬಿಗಿದರೆ ಸರ್ಜನ್‌ರನ್ನು ಕರೆಯುತ್ತಾರೆ. ಅನುಮಾನ ಉಳಿದರೆ ಅದೇ ಹುಡುಗನ ಸ್ಟ್ರೆಚರ್ ಮತ್ತೆ ನಮ್ಮ ಬಾಗಿಲಿಗೆ ಬರುತ್ತದೆ. "ನಿನ್ನೆ ತಾನೆ ಸ್ಕ್ಯಾನ್ ಆಯ್ತಲ್ಲ" ಅಂತ ನಾವು ಯಾವತ್ತೂ ಅನ್ನಲಿಲ್ಲ.